ಬಾದಲನ ಹಲ್ಲಿಗೆ ಒಗ್ಗುವ ಐಸ್

ಬೊಕ್ಕಪಟ್ಣ, ಮಂಗಳೂರು
17 ಮೇ 2025, ಶನಿವಾರ

ಪ್ರೀತಿಯ ಅಶ್ಮಿತಾ,

ಹೇಗಿದ್ದೀಯ ಮಗಳೇ? ಎಡಗಾಲಿನ ಮಂಡಿನೋವು ಕಡಿಮೆಯಾಯಿತೆ? ವಡೋದರಾದಲ್ಲಿ ನಲವತ್ತೆರಡು ಡಿಗ್ರಿ ಎಂದು ಟಿ.ವಿ.ಯಲ್ಲಿ ತೋರಿಸಿದರು. ಡ್ಯೂಟಿಯ ಮಧ್ಯೆ ನೀರು ಕುಡಿಯಲು ಮರೆಯಬೇಡ. ಅಲ್ಲಿಯ ಊಟದಲ್ಲಿ ಮೀನು ಕಾಣುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದ್ದೆಯಂತೆ. ಅವಳು ಒಣಮೀನಿನ ಚಟ್ನಿ ಪಾರ್ಸೆಲ್ ಮಾಡಲು ಹೊರಟಿದ್ದಳು. ಅದರ ವಾಸನೆಗೆ ನಿಮ್ಮ ದಳದ ನಾಯಿಗಳೆಲ್ಲ ಕೆಲಸ ಬಿಟ್ಟು ಪೋಸ್ಟ್‌ಮ್ಯಾನಿನ ಹಿಂದೆ ಬಿದ್ದಾವು ಎಂದು ನಾನೇ ತಡೆದೆ. ನಾವಿಬ್ಬರೂ ಸೌಖ್ಯ. ಅಮ್ಮನಿಗೆ ಸೊಂಟನೋವು ಉಂಟು, ಆದರೆ ಬಾಯಿಗೆ ಏನೂ ಆಗಿಲ್ಲ.

ಅಪ್ಪ ಪತ್ರ ಯಾಕೆ ಬರೆದರು ಎಂದು ನಿನಗೆ ಗಾಬರಿಯಾದೀತು. ಫೋನಿನಲ್ಲಿ ಮಾತಾಡುವುದು ನಿನ್ನ ಅಮ್ಮ. ನನ್ನ ಕೈಗೆ ಬಂದರೆ ‘ಊಟ ಆಯ್ತಾ’ ಎಂದು ಕೇಳಿ, ನೀನು ‘ಆಯ್ತು ಅಪ್ಪ’ ಎಂದ ಕೂಡಲೇ ವಾಪಸು ಕೊಡುವವನು ನಾನು. ಆರು ವರ್ಷದಿಂದ ನಮ್ಮಿಬ್ಬರ ಮಾತು ಅಷ್ಟರಲ್ಲೇ ನಿಂತಿದೆ. ಇವತ್ತು ಹೇಳಲಿಕ್ಕಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ ‘ಬಾದಲ್ ಚೆಂದ ಇದ್ದಾನೆ’ ಎಂದಳಲ್ಲ, ಅದು ಸುಳ್ಳು. ಹೇಳಿಸಿದವನು ನಾನು. ಅಲ್ಲಿ ಕೆಲಸದಲ್ಲಿರುವವಳಿಗೆ ಇಲ್ಲಿಯ ಚಿಂತೆ ಹತ್ತಿಸುವುದು ಬೇಡ ಎಂದುಕೊಂಡೆ. ಈಗ ಅವನು ನಿಜವಾಗಿಯೂ ಚೆಂದ ಇದ್ದಾನೆ. ನಾನಿದನ್ನು ಬರೆಯುತ್ತಿರುವಾಗ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದ್ದಾನೆ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಹೇಳುವ ಧೈರ್ಯ ಬಂದಿದೆ.

ಫೆಬ್ರವರಿಯಲ್ಲಿ ನೀನು ಅವನನ್ನು ಕರೆತಂದು, ಎರಡು ದಿನ ಇದ್ದು, ಬಿಟ್ಟು ಹೋದೆ. ಹತ್ತು ವರ್ಷದ ಲ್ಯಾಬ್ರಡಾರ್. ಅದರಲ್ಲಿ ಐದು ವರ್ಷ ನಿನ್ನ ಹಗ್ಗದ ತುದಿಯಲ್ಲಿ ವಿಮಾನ ನಿಲ್ದಾಣದ ಪೆಟ್ಟಿಗೆ ಚೀಲಗಳನ್ನು ಮೂಸುತ್ತ ಕೆಲಸ ಮಾಡಿದವನು. ‘ರಿಟೈರ್ ಆದವ ಅಮ್ಮ, ಇವನಿಗೆ ಇನ್ನು ಮನೆ ಬೇಕು’ ಎಂದು ನೀನು ಹೇಳಿದ್ದು ಅಮ್ಮನಿಗೆ, ನನಗಲ್ಲ. ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಆಮೇಲೂ ಎರಡು ತಿಂಗಳು ನಾನು ಅವನನ್ನು ಸರಿಯಾಗಿ ನೋಡಲಿಲ್ಲ. ಅವನಿಗೆ ಹಿಂದಿ ಬಿಟ್ಟರೆ ಬೇರೆ ತಿಳಿಯದು, ನನಗೆ ಹಿಂದಿ ಬರುವುದಿಲ್ಲ. ಅಮ್ಮ ಮಾತ್ರ ಧಾರಾವಾಹಿಗಳಲ್ಲಿ ಕಲಿತ ಹಿಂದಿಯಲ್ಲಿ ‘ಇಧರ್ ಆವೊ ಬೇಟಾ’ ಎಂದು ಕರೆದು, ಮಧ್ಯೆ ಮಧ್ಯೆ ತುಳು ಸೇರಿಸಿ, ಅವನನ್ನು ಹೇಗೋ ಸಂಭಾಳಿಸುತ್ತಿದ್ದಳು. ‘ಕುಲ್ಲು’ ಅಂದರೆ ಕೂತುಕೊಳ್ಳುವುದು ಎಂದು ಅವನು ಹದಿನೈದೇ ದಿನದಲ್ಲಿ ಕಲಿತ. ‘ಇಷ್ಟು ಬೇಗ ಈ ಮನೆಯಲ್ಲಿ ಯಾರೂ ನನ್ನ ಮಾತು ಕೇಳಿದ್ದಿಲ್ಲ’ ಎಂದು ಅವಳು ನನ್ನ ಕಡೆ ನೋಡಿ ಹೇಳಿದಳು.

ಏಪ್ರಿಲ್ ಎರಡನೆಯ ವಾರ ಸೆಕೆ ಎಂದರೆ ಎಂಥ ಸೆಕೆ ಮಗಳೇ. ಗಾಳಿಯೇ ಇಲ್ಲ, ಹೊಳೆಯ ಬದಿಯಿಂದ ಬರುವುದೂ ಬಿಸಿ ಉಸಿರು. ಬಾದಲ್ ಅನ್ನ ಬಿಟ್ಟ. ಮೊದಲ ದಿನ ಅಮ್ಮ ಕೋಳಿ ಬೇಯಿಸಿ ಹಾಕಿದಳು, ಮೂಸಿ ಮುಖ ತಿರುಗಿಸಿದ. ಮರುದಿನ ಮೊಟ್ಟೆ, ಅದೂ ಬೇಡ. ಮೂರನೆಯ ದಿನ ಬಚ್ಚಲಿನ ತಂಪು ನೆಲದಲ್ಲಿ ಉದ್ದಕ್ಕೆ ಮಲಗಿದವನು ಕರೆದರೂ ಏಳಲಿಲ್ಲ. ಅಮ್ಮ ಅವನ ಪಕ್ಕದಲ್ಲಿ ನೆಲಕ್ಕೆ ಕೂತು, ‘ಮಗಳು ಕೈಯಲ್ಲಿ ಕೊಟ್ಟು ಹೋದದ್ದನ್ನು ಉಳಿಸಿಕೊಳ್ಳಲಿಕ್ಕೆ ಆಗ್ಲಿಲ್ಲ ಅಂತ ಹೇಗೆ ಹೇಳ್ಲಿ’ ಎಂದು ಅತ್ತಳು. ಆಗ ನಾನು ಮೊದಲ ಬಾರಿ ಅವನನ್ನು ಮುಟ್ಟಿದೆ. ಕಿವಿ ಒಲೆಯ ಮೇಲಿನ ಕಾವಲಿಯ ಹಾಗೆ ಸುಡುತ್ತಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದ. ಬೇರೆ ಯಾರನ್ನೋ ಕಾಯುತ್ತಿದ್ದವನು ಬಾಗಿಲಲ್ಲಿ ನನ್ನನ್ನು ಕಂಡಂತೆ ನೋಡಿದ.

ನಂತೂರಿನ ಆಚೆ ಪ್ರಾಣಿಗಳ ಡಾಕ್ಟರ್ ಬೆನಿಟಾ ಅಂತ ಇದ್ದಾರೆ. ಆಟೋದಲ್ಲಿ ಕರಕೊಂಡು ಹೋದೆವು. ನಂತೂರು ಸರ್ಕಲ್ಲಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಬಿದ್ದು ಅರ್ಧ ಗಂಟೆ ನಿಂತಲ್ಲೇ ನಿಂತೆವು. ಲಾರಿಗಳ ಬಿಸಿ, ಹೊಗೆ, ಇವನ ನಾಲಿಗೆ ಅಂಗೈಯಷ್ಟು ಹೊರಗೆ. ಅಮ್ಮ ಸೆರಗು ಒದ್ದೆ ಮಾಡಿ ಅವನ ತಲೆಯ ಮೇಲೆ ಹಾಕಿದಳು, ನಾನು ನಿನ್ನೆಯ ಪೇಪರಿನಲ್ಲಿ ಗಾಳಿ ಹಾಕಿದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಸಲೈನ್ ಕೊಟ್ಟು ಹೇಳಿದ್ದು ಇಷ್ಟು: ರೋಗ ಎಂತದ್ದೂ ಇಲ್ಲ. ಪ್ರಾಯ ಆದದ್ದು, ಸೆಕೆ, ಮತ್ತೆ ಕೆಲಸ ಬಿಟ್ಟವರಿಗೆ ಆಗುವ ಬೇಸರ. ಎರಡು ದಿನದಲ್ಲಿ ತಿನ್ನಲು ಶುರು ಮಾಡದಿದ್ದರೆ ಕಷ್ಟ. ‘ತಂಪು ಏನಾದರೂ ನೆಕ್ಕಲಿಕ್ಕೆ ಕೊಡಿ. ಎಳೆ ತೆಂಗಿನ ಬೊಂಡದ ನೀರು, ಮೊಸರು, ಮೀನು ಬೇಯಿಸಿದ ನೀರು ಇಂಥದ್ದನ್ನು ಐಸ್ ಮಾಡಿ ಕೊಡಿ. ಉಪ್ಪು, ಸಕ್ಕರೆ ಬೇಡ. ನೀರುಳ್ಳಿ, ದ್ರಾಕ್ಷಿ, ಚಾಕ್ಲೇಟ್ ಹತ್ತಿರ ತರಬೇಡಿ’ ಎಂದು ಒಂದು ಚೀಟಿಯಲ್ಲಿ ಬರೆದರು. ಆಮೇಲೆ ನನ್ನ ಮುಖ ನೋಡಿ, ‘ಐಸ್ ಮಾಡ್ಲಿಕ್ಕೆ ಬರ್ತದಲ್ಲ ನಿಮಗೆ?’ ಎಂದು ಕೇಳಿದರು. ಮೂರು ದಿನದಿಂದ ಅಳುತ್ತಿದ್ದ ನಿನ್ನ ಅಮ್ಮ ಅಲ್ಲಿ ನಕ್ಕಳು.

ಬಂದರಿನ ಐಸ್ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ ನೀರನ್ನು ಕಲ್ಲು ಮಾಡಿದವನಿಗೆ ಆ ಪ್ರಶ್ನೆ. ನೀನು ಚಿಕ್ಕವಳಿರುವಾಗ ನಾನು ತೋರಿಸಿದ್ದೆ, ನೆನಪುಂಟಾ? ಉಪ್ಪುನೀರಿನ ದೊಡ್ಡ ಟ್ಯಾಂಕಿನಲ್ಲಿ ಸಿಹಿನೀರು ತುಂಬಿದ ಕ್ಯಾನುಗಳನ್ನು ಇಳಿಸಿ, ಗಾಳಿ ಬಿಟ್ಟು, ಐವತ್ತು ಕಿಲೋದ ಗಡ್ಡೆ ಎಬ್ಬಿಸುತ್ತಿದ್ದೆವು. ನಮ್ಮ ಗಡ್ಡೆಯ ಆಚೆ ಪೇಪರ್ ಹಿಡಿದರೆ ಅಕ್ಷರ ಓದಬಹುದಿತ್ತು. ನಾನು ಮನೆಗೆ ಬಂದವನೇ ಅದೇ ಗತ್ತಿನಲ್ಲಿ ಕೂತೆ. ನೀರು ಎರಡು ಸಲ ಕುದಿಸಿ ಆರಿಸಿದೆ. ಸ್ಟೀಲಿನ ಲೋಟಕ್ಕೆ ಸುತ್ತಲೂ ದಪ್ಪ ಬಟ್ಟೆ ಕಟ್ಟಿ, ಮೇಲಿನಿಂದ ಮಾತ್ರ ತಂಪು ಇಳಿಯುವ ಹಾಗೆ ಫ್ರೀಜರಿನಲ್ಲಿಟ್ಟೆ. ನಡುವೆ ಬೇಯಿಸಿದ ಒಂದು ಬೂತಾಯಿ ಮೀನು. ಮರುದಿನ ತೆಗೆದಾಗ ಅದು ಗಾಜಿನೊಳಗೆ ಈಜುತ್ತಿರುವ ಹಾಗೆ ಕಾಣುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ, ಪಕ್ಕದ ಮನೆಯವರಿಗೂ ತೋರಿಸಿದೆ. ಆಮೇಲೆ ಬಾದಲನ ಮುಂದಿಟ್ಟೆ.

ಇದು ನಾನು ನಿನಗೆ ಹೇಳಬೇಕಾದ ಎರಡನೆಯ ತಪ್ಪು. ಮೀನಿನ ವಾಸನೆಗೆ ಅವನು ತಲೆ ಎತ್ತಿದ, ನೆಕ್ಕಿದ, ಮತ್ತೆ ಕಚ್ಚಿದ. ಟಕ್ ಎಂದು ಸದ್ದಾಯಿತು. ಐಸ್ ಒಡೆದಿರಲಿಲ್ಲ. ಎಡಗಡೆಯ ಕೆಳಗಿನ ಕೋರೆಹಲ್ಲಿನ ತುದಿ ಹಾರಿತ್ತು, ಆ ಗಾಜಿನಂಥ ಐಸಿನ ಮೇಲೆ ಕೆಂಪು ಗೆರೆ ಎಳೆದ ಹಾಗೆ ರಕ್ತ. ಅವನು ಕೂಗಲಿಲ್ಲ, ಅಲ್ಲಿಂದ ಎದ್ದು ಬಚ್ಚಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ‘ನಿಮ್ಮ ಐಸ್ ಲಾರಿಯಲ್ಲಿ ಕೇರಳಕ್ಕೆ ಹೋಗ್ಲಿಕ್ಕೆ ಇರುವುದು, ನಾಯಿಯ ಬಾಯಿಗೆ ಅಲ್ಲ’ ಎಂದು ಅಮ್ಮ ಹೇಳಿದಳು. ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಹಲ್ಲಿನ ಫೋಟೊ ತರಿಸಿ ನೋಡಿ, ತುದಿ ಮಾತ್ರ ಹೋಗಿದೆ, ಬುಡಕ್ಕೆ ಏನೂ ಆಗಿಲ್ಲ ಎಂದರು. ‘ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳ್ಬೇಕು ಅಂಕಲ್. ಬೀಳದಿದ್ದರೆ ಅದನ್ನು ಕೊಡಬೇಡಿ’ ಎಂದು ಕಲಿಸಿದರು.

ನೋಡು, ಮೂವತ್ತೊಂದು ವರ್ಷ ನಾನು ಕಲಿತದ್ದು ಐಸ್ ಕರಗದ ಹಾಗೆ ಮಾಡುವುದು. ಕರಗಿದರೆ ಮೀನು ಹಾಳು, ನಮ್ಮ ಹೆಸರು ಹಾಳು. ಈಗ ಅರವತ್ತಮೂರರಲ್ಲಿ ಬೇಗ ಕರಗುವ ಐಸ್ ಮಾಡಲು ಕಲಿಯಬೇಕಾಯಿತು. ಬೊಂಡದ ನೀರನ್ನು ಹಾಗೇ ಇಟ್ಟರೆ ಮತ್ತೆ ಕಲ್ಲು. ಮೊಸರು ಇಟ್ಟರೆ ಮೇಲೆ ಮೆದು, ಒಳಗೆ ಗಟ್ಟಿ. ಆಮೇಲೆ ತಿಳಿಯಿತು, ಅರ್ಧ ಗಟ್ಟಿಯಾದಾಗ ಹೊರಗೆ ತೆಗೆದು ಕಡೆಗೋಲಿನಲ್ಲಿ ಒಮ್ಮೆ ಕಡೆದು ಪುನಃ ಇಡಬೇಕು, ಹರಳು ಸಣ್ಣದಾಗುತ್ತದೆ. ಮಾಗಿದ ಬಾಳೆಹಣ್ಣು ಕಿವುಚಿ ಹಾಕಿದರೆ ಇನ್ನೂ ಮೆದು. ಬೊಂಡದ ಗಂಜಿಯನ್ನು, ಅದೇ ಒಳಗಿನ ಎಳೆ ತಿರುಳನ್ನು, ಮೊಸರಿನ ಜೊತೆ ಅರೆದು ಹಾಕಿದ್ದು ಬೆಣ್ಣೆಯ ಹಾಗೆ ಬಂತು. ಬೂತಾಯಿಯನ್ನು ಉಪ್ಪಿಲ್ಲದೆ ಬೇಯಿಸಿ, ಒಂದೊಂದೇ ಮುಳ್ಳು ತೆಗೆದು, ಕುಚ್ಚಲಕ್ಕಿ ಗಂಜಿಯ ತೆಳಿಯಲ್ಲಿ ಕಲಸಿ ಇಟ್ಟೆ. ತೆಳಿಯ ಗುಣಕ್ಕೋ ಏನೋ ಅದು ಉಗುರಿಗೆ ಸಿಕ್ಕಿತು. ಅಚ್ಚಿಗೆ ಲೋಟ ಬಿಟ್ಟು ಅಮ್ಮನ ಇಡ್ಲಿ ತಟ್ಟೆ ಹಿಡಿದೆ. ತೆಳ್ಳಗೆ, ದುಂಡಗೆ, ಮೂಲೆ ಇಲ್ಲ, ಹಲ್ಲಿಗೆ ತಾಗುವಂಥದ್ದು ಏನಿಲ್ಲ. ಅವಳು ಎರಡು ದಿನ ಜಗಳಾಡಿ, ಮೂರನೆಯ ದಿನ ತಟ್ಟೆಯನ್ನು ನನಗೇ ಬರೆದುಕೊಟ್ಟಳು. ಈಗ ನಮ್ಮ ಮನೆಯಲ್ಲಿ ದೋಸೆ ಮಾತ್ರ.

ಇಷ್ಟೆಲ್ಲ ಮಾಡಿದರೂ ಅವನು ನೆಕ್ಕುವುದು ಎರಡು ಸಲ, ಮತ್ತೆ ತಲೆ ಕೆಳಗೆ. ಸಲೈನಿಗೆ ಮತ್ತೊಮ್ಮೆ ಹೋಗಬೇಕಾಯಿತು. ಒಂದು ಸಂಜೆ ನಾನು ಮೀನಿನ ತಟ್ಟೆಯನ್ನು ಫ್ರೀಜರಿಗಿಟ್ಟು ಹೊರಗೆ ಕೂತಿದ್ದೆ. ಒಳಗಿನಿಂದ ಅಮ್ಮ ಸಣ್ಣ ಸ್ವರದಲ್ಲಿ ‘ಇಲ್ಲಿ ಬನ್ನಿ, ಬೇಗ ಬನ್ನಿ’ ಎಂದಳು. ಹೋಗಿ ನೋಡಿದರೆ ಬಾದಲ್ ಬಚ್ಚಲಿನಿಂದ ಎದ್ದು ಬಂದಿದ್ದಾನೆ. ಫ್ರಿಜ್ಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಬೊಗಳುವುದಿಲ್ಲ, ಬಾಲ ಆಡಿಸುವುದಿಲ್ಲ, ಮೂಗು ಫ್ರಿಜ್ಜಿನ ಬಾಗಿಲಿಗೆ. ಅಮ್ಮನ ಮುಖ ಬಿಳಿಚಿತ್ತು. ‘ಅವ ಹೀಗೆ ಕೂತರೆ ಒಳಗೆ ಬಾಂಬು ಉಂಟು ಅಂತ ಅರ್ಥ, ಅಶ್ಮಿತಾ ಹೇಳಿದ್ದಾಳೆ’ ಎಂದವಳು, ಸೊಂಟನೋವು ಮರೆತು, ನನ್ನನ್ನು ಒಳಗೇ ಬಿಟ್ಟು ಅಂಗಳಕ್ಕೆ ಓಡಿದಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳು.

ನಾನು ಬಾಗಿಲು ತೆಗೆದೆ. ಇಡ್ಲಿ ತಟ್ಟೆಯಲ್ಲಿ ನಾಲ್ಕು ಬೂತಾಯಿ ಐಸ್, ಅಷ್ಟೇ. ಅವನು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಗ ನನಗೆ ಅರ್ಥವಾಯಿತು ಮಗಳೇ. ಅವನು ತಿನ್ನಲು ಬಂದವನಲ್ಲ, ಹುಡುಕಿದ್ದನ್ನು ಒಪ್ಪಿಸಲು ಬಂದವನು. ಕೆಲಸ ಮುಗಿಸಿದ್ದೇನೆ, ಸರಿಯೋ ತಪ್ಪೋ ಹೇಳಿ ಎಂದು ಕಾಯುತ್ತಿದ್ದ. ಅಂಗಳದಿಂದ ಅಮ್ಮ, ‘ಶಾಬಾಶ್ ಹೇಳಿ, ಅವಳು ಹಾಗೇ ಹೇಳುವುದು’ ಎಂದು ಕೂಗಿದಳು. ನನ್ನ ಬಾಯಿಗೆ ಅಭ್ಯಾಸವಿಲ್ಲದ ಮಾತು ಅದು. ‘ಶಾಬಾಶ್’ ಎಂದೆ. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಹೇಳಿದೆ. ಎದ್ದು ನನ್ನ ಮೊಣಕಾಲಿಗೆ ತಲೆ ಒತ್ತಿದ. ಒಂದು ಐಸ್ ತೆಗೆದು ಬೆವರುವ ತನಕ ಕೈಯಲ್ಲಿ ಹಿಡಿದು, ಉಗುರು ಒತ್ತಿ ನೋಡಿ ಕೊಟ್ಟೆ. ನಾಲ್ಕನ್ನೂ ತಿಂದ, ನೆಲ ನೆಕ್ಕಿದ, ನನ್ನ ಕೈ ನೆಕ್ಕಿದ. ಆ ರಾತ್ರಿಯೇ ಅಮ್ಮ ಇಟ್ಟ ಅನ್ನವನ್ನೂ ಮುಗಿಸಿದ.

ಅಂದಿನಿಂದ ಅವನಿಗೆ ಇಲ್ಲಿ ಡ್ಯೂಟಿ. ಬಿಸಿಲು ಇಳಿದ ಮೇಲೆ ನಾನು ಐಸನ್ನು ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ತೆಂಗಿನ ಬುಡದಲ್ಲಿ, ಕವುಚಿಟ್ಟ ಕೊಪ್ಪರಿಗೆಯ ಕೆಳಗೆ ಅಡಗಿಸುತ್ತೇನೆ. ಅವನು ಹುಡುಕುತ್ತಾನೆ, ಕೂರುತ್ತಾನೆ, ಶಾಬಾಶ್ ಕೇಳಿದ ಮೇಲೆಯೇ ತಿನ್ನುತ್ತಾನೆ. ಸೋಮವಾರ ಬೊಂಡ, ಮಂಗಳವಾರ ಬೂತಾಯಿ, ಮಧ್ಯೆ ಬಚ್ಚಂಗಾಯಿ, ಕೆಂಪು ತಿರುಳು ಮಾತ್ರ, ಬೀಜ ಎಲ್ಲ ತೆಗೆದು. ಮೂರು ವಾರದಲ್ಲಿ ಎರಡೂವರೆ ಕಿಲೋ ಏರಿದ್ದಾನೆ. ಡಾಕ್ಟರ್ ಬೆನಿಟಾ ನೋಡಿ, ‘ಇದು ಯಾರ ರೆಸಿಪಿ ಅಂಕಲ್?’ ಎಂದು ಕೇಳಿ, ಕಳೆದ ಆದಿತ್ಯವಾರ ಕ್ಲಿನಿಕ್ಕಿನಲ್ಲಿ ನಾಯಿ ಸಾಕುವ ಎಂಟು ಹತ್ತು ಜನರನ್ನು ಸೇರಿಸಿ ನನ್ನನ್ನು ಮುಂದೆ ನಿಲ್ಲಿಸಿದರು. ಎಲ್ಲ ಇಂಗ್ಲಿಷ್ ಮಾತಾಡುವವರು. ನಾನು ಇಡ್ಲಿ ತಟ್ಟೆ ಎತ್ತಿ ಹಿಡಿದು ನನ್ನ ಕನ್ನಡದಲ್ಲೇ ಹೇಳಿದೆ, ಅವರು ಮೊಬೈಲಿನಲ್ಲಿ ಬರೆದುಕೊಂಡರು. ಒಬ್ಬರು, ‘ಸರ್, ನೀವು ಯಾವ ಹೋಟೆಲಿನಲ್ಲಿದ್ದಿರಿ?’ ಎಂದು ಕೇಳಿದರು. ಹಲ್ಲು ಹೋದ ಕಥೆಯನ್ನೂ ನಾನು ಮುಚ್ಚಿಡಲಿಲ್ಲ. ಉಗುರು ಒತ್ತಿ ನೋಡುವುದನ್ನು ಪ್ರತಿಯೊಬ್ಬರ ಕೈಯಲ್ಲಿ ಮಾಡಿಸಿಯೇ ಕಳಿಸಿದೆ.

ಇನ್ನೊಂದು ಸಂಗತಿ. ಬೆಳಿಗ್ಗೆ ಬಿಸಿಲೇರುವ ಮೊದಲು ಅವನನ್ನು ಬಂದರಿಗೆ ಕರೆದುಕೊಂಡು ಹೋಗುತ್ತೇನೆ. ಮೊದಲ ದಿನ ಮೀನು ದಲಾಲಿ ಸಮದ್ ಸಿಕ್ಕಿದ. ಪ್ಲಾಂಟಿನ ಹಳಬರೂ ನಾಲ್ಕೈದು ಜನ ಚಹಾ ಕುಡಿಯುತ್ತ ನಿಂತಿದ್ದರು. ‘ಯಾರ ನಾಯಿ ಮಾಯಿಲಪ್ಪಣ್ಣ? ಭಾರಿ ಶಿಸ್ತು ಉಂಟಲ್ಲ’ ಎಂದ ಸಮದ್. ‘ನನ್ನ ಮಗಳ ಜೊತೆ ಕೆಲಸ ಮಾಡಿದವ’ ಎಂದೆ. ‘ಅಶ್ಮಿತಾ ಏರ್‌ಪೋರ್ಟಿನಲ್ಲಿ ಆಫೀಸ್ ಕೆಲಸದಲ್ಲಿ ಅಲ್ವಾ ಇರುವುದು?’ ಎಂದು ಕೇಳಿದ. ಅವನ ತಪ್ಪಲ್ಲ. ಆರು ವರ್ಷದಿಂದ ಎಲ್ಲರಿಗೂ ಹಾಗೆ ಹೇಳಿಕೊಂಡು ಬಂದವನು ನಾನು. ನಾಯಿ ಹಿಡಿದುಕೊಂಡು ನಿಲ್ಲುವ ಕೆಲಸ ಎಂದು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಿತ್ತು. ಅವತ್ತು ಅಷ್ಟು ಜನರ ಎದುರಿನಲ್ಲಿ, ‘ಆಫೀಸ್ ಅಲ್ಲ ಮಾರಾಯ, ಅದು ನಾನು ಹೇಳಿದ ಸುಳ್ಳು. ಅವಳು ಸೆಕ್ಯೂರಿಟಿ ಪಡೆಯ ಶ್ವಾನದಳದಲ್ಲಿದ್ದಾಳೆ. ಇವ ಮೂಸ್ತಾನೆ, ಇವ ಏನು ಹೇಳ್ತಾನೆ ಅಂತ ಅವಳಿಗೆ ಗೊತ್ತಾಗ್ತದೆ. ಅವಳು ಸರಿ ಅಂದ ಮೇಲೆಯೇ ಆ ಚೀಲ ವಿಮಾನ ಹತ್ತುವುದು’ ಎಂದೆ. ಯಾರೂ ನಗಲಿಲ್ಲ. ಸಮದನ ಮಗ ಶಾಹುಲ್ ದಮ್ಮಾಮಿನಲ್ಲಿರುವುದು ನಿನಗೆ ಗೊತ್ತಲ್ಲ, ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ಸಮದ್ ಬಾದಲನನ್ನು ನೋಡಿ, ‘ಹಾಗಾದರೆ ನಮ್ಮ ಮಕ್ಕಳು ಸುಖವಾಗಿ ಊರು ಮುಟ್ಟುವುದು ಇವರಿಂದ’ ಎಂದ. ಅವನು ನಾಯಿಯನ್ನು ಮುಟ್ಟುವುದಿಲ್ಲ, ಎರಡು ಮಾರು ದೂರ ನಿಲ್ಲುತ್ತಾನೆ. ಆದರೆ ದಿನಾ ಬೆಳಿಗ್ಗೆ ಒಂದು ಹಿಡಿ ತಾಜಾ ಬೂತಾಯಿ ತೆಗೆದಿಟ್ಟು, ‘ಆಫೀಸರಿಗೆ’ ಎಂದು ಹೇಳಿ ಕೊಡುತ್ತಾನೆ.

ಜೂನ್ ಹತ್ತರ ನಂತರ ರಜೆ ಎಂದಿದ್ದೀಯಂತೆ. ಬಾ. ಬಾದಲನ ಹಲ್ಲನ್ನು ನೀನೇ ನೋಡು, ಬೈಯುವುದಿದ್ದರೆ ನನಗೆ ಬೈ. ಅಮ್ಮ ನಿನಗೆ ನೆನಪು ಹೇಳಿದ್ದಾಳೆ, ಮಂಡಿಗೆ ಎಣ್ಣೆ ಹಚ್ಚಲು ಹೇಳಿದ್ದಾಳೆ. ನಿನ್ನ ದಳದವರಿಗೆಲ್ಲ, ನಾಲ್ಕು ಕಾಲಿನವರಿಗೂ ಸೇರಿಸಿ, ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ನೀನು ಕಾಯುವವರಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ
ಮಾಯಿಲಪ್ಪ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಪೋಸ್ಟ್ ಆಫೀಸಿನ ಬಾಗಿಲು ಹಾಕುವ ಹೊತ್ತಾಯಿತು. ಫೆಬ್ರವರಿಯಲ್ಲಿ ಉಡುಪಿ ದಾಟಿದ ಮೇಲೆ ನೀನು ರೈಲಿನ ಬಾತ್‌ರೂಮಿನಲ್ಲಿ ಯೂನಿಫಾರ್ಮ್ ಬದಲಾಯಿಸಿ ಚೂಡಿದಾರ ಹಾಕಿಕೊಂಡೆ ಎಂದು ಅಮ್ಮ ಈಗ ಹೇಳಿದಳು. ಯಾಕೆ ಎಂದು ನಾನು ಅವಳನ್ನು ಕೇಳಲಿಲ್ಲ. ಕೆಲಸಕ್ಕೆ ಸೇರಿದ ವರ್ಷ, ‘ಆ ಬಟ್ಟೆಯಲ್ಲಿ ನಮ್ಮ ಓಣಿಗೆ ಬರಬೇಡ’ ಎಂದವನು ನಾನೇ. ಈ ಸಲ ಬದಲಾಯಿಸಬೇಡ. ಜಂಕ್ಷನ್ ಸ್ಟೇಷನ್ನಿನಿಂದ ಆಟೋ ಮಾಡಬೇಡ, ಸಿಟಿ ಬಸ್ಸಿನಲ್ಲಿ ಬಂದು ಜನ ತುಂಬಿರುವ ಹಂಪನಕಟ್ಟೆಯಲ್ಲಿ ಇಳಿ. ನಾವು ಮೂವರೂ ಅಲ್ಲಿ ನಿಂತಿರುತ್ತೇವೆ. ಅಲ್ಲಿಂದ ಮನೆಗೆ ನಡೆದೇ ಹೋಗೋಣ, ಬಂದರಿನ ದಾರಿಯಾಗಿ.